ನೊಣ

ಕಂಕುಳಲ್ಲಿ ಆಂಪ್ಲಿಫೈಯರ್ ಇರುಕಿಕೊಂಡು ಬಂದ
ಟಯರ್ ಅಂಗಡಿಯ ಹುಡುಗ, ಡೀನ್ ಬುಹಾಜಾರ್.
"ನನ್ನಾ" ಅಂದ. ನಾನು ಕಾದೆ.
ನಮ್ಮಲ್ಲಿ ಅದು ಮುಗಿಯದ ಮಾತು:
ನನ್ನ, ಏನು? ನನ್ನ ಕಾರು? ನನ್ನ ಹಣೆಬರಹ?
ಅವರ ಮಾಲ್ಟಾದ ಮನೆಮಾತಿನಲ್ಲಿ
ಅಷ್ಟಕ್ಕೇ ಅಜ್ಜಿ ಪೂರ್ತಿ.

ವಾರಕ್ಕೆ ಮೂರು ದಿನ ಅವಳನ್ನು ಸನ್‌ಶೈನಿನ ಆಸ್ಪತ್ರೆಗೆ ಒಯ್ಯುತ್ತಾನೆ,
ರಕ್ತ ತೊಳೆಸಲಿಕ್ಕೆ. ಮರಳುವಾಗ ಸದ್ದು ಅವಳಿಗಾಗದು.
ಇಪ್ಪತ್ತೆಂಟರಲ್ಲಿದ್ದ ವಾಲ್ಯೂಮು ಮೂರಕ್ಕಿಳಿಯುತ್ತದೆ.
ಆಗ ಹೇಳಿದಳಂತೆ:
ಬಲಗಡೆ ಡಬ್ಬಿಯೊಳಗೆ ನೊಣ ಸಿಕ್ಕಿಕೊಂಡಿದೆ.
ಎರಡು ವರ್ಷ ಗಾಜು ಅದುರುವಂತೆ ಕೇಳಿದವನಿಗೆ
ಒಂದು ದಿನವೂ ಕೇಳಿಸಿರಲಿಲ್ಲ.

ಫೆಬ್ರವರಿಯ ಸೇಂಟ್ ಆಲ್ಬನ್ಸ್, ತಗಡಿನ ಶೆಡ್ಡು.
ನಿಜವಾದ ನೊಣಗಳಿಗೇನೂ ಬರವಿಲ್ಲ.
ಮುಚ್ಚಳ ಬಿಚ್ಚಿದೆ. ನನಗಿಂತ ಮೊದಲೇ ಯಾರೋ ಕೈಯಾಡಿಸಿದ್ದಾರೆ:
ಬೆಸುಗೆ ಮೀನುಗಣ್ಣಿನ ಹಾಗೆ ಉಬ್ಬಿದೆ,
ಔಟ್‌ಪುಟ್ ಟ್ರಾನ್ಸಿಸ್ಟರ್ ನಾಲ್ಕೂ ಹೊಸವು, ಮಿರಿಮಿರಿ.
ಗುಮಾನಿ ಯಾವಾಗಲೂ ದಪ್ಪಗಿದ್ದವರ ಮೇಲೆ.

ಸ್ಕೋಪಿನಲ್ಲಿ ಎಡಗಡೆಯ ಅಲೆ
ದುಂಡಗೆ ಏರಿ ದುಂಡಗೆ ಇಳಿಯುತ್ತದೆ.
ಬಲಗಡೆಯದು ಸೊನ್ನೆಯ ಹೊಸ್ತಿಲು ದಾಟುವಾಗೆಲ್ಲ ಎಡವುತ್ತದೆ,
ಚೂರು ಚಪ್ಪಟೆಯಾಗಿ, ಸಾವರಿಸಿಕೊಂಡು ಮುಂದೆ.
ಜೋರು ಮಾಡಿದೆ: ಎಡವಿದ್ದು ಅಬ್ಬರದಲ್ಲಿ ಮುಳುಗಿತು.
ಮೆಲ್ಲಗೆ ಮಾಡಿದೆ:
ಎಡವಿದ್ದೇ ಉಳಿಯಿತು, ಅಲೆ ಎಲ್ಲಿ?

ಹೆಬ್ಬೆರಳ ಉಗುರಿನಷ್ಟು ಎರಡು ಡ್ರೈವರ್.
ಅಲೆಯ ಮೇಲರ್ಧ ಒಂದರದು, ಕೆಳಗಿನರ್ಧ ಇನ್ನೊಂದರದು.
ಬಾಣಂತಿ ಕೋಣೆಯಲ್ಲಿ ಕೂಸನ್ನು ಕೈಯಿಂದ ಕೈಗೆ ದಾಟಿಸುವ ಹಾಗೆ
ಇವಳು ಬಿಡುವ ಮೊದಲೇ ಅವಳು ಹಿಡಿದಿರಬೇಕು,
ಒಂದು ಗಳಿಗೆ ನಾಲ್ಕು ಕೈಯೂ ಕೂಸಿನಡಿ ಇರಬೇಕು.
ಇಲ್ಲಿ ಇವಳು ಬಿಟ್ಟಾಗಿದೆ,
ಅವಳಿನ್ನೂ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಾಳೆ.

ಎರಡರ ಬೇಸ್ ನಡುವೆ ಮೀಟರ್ ಹಿಡಿದೆ.
ಎಡಗಡೆ ಎರಡೂಕಾಲು ವೋಲ್ಟು.
ಬಲಗಡೆ ಇಲ್ಲವೆನ್ನುವಷ್ಟು.
ಡ್ರೈವರುಗಳನ್ನೇ ಬಯ್ದೆ, ಕಿತ್ತೆ, ಅಳೆದೆ: ಎರಡೂ ನಿರಪರಾಧಿ.
ತೆಪ್ಪಗೆ ಮತ್ತೆ ಬೆಸೆದೆ. ಮಧ್ಯಾಹ್ನ ಹಾಗೆ ಹೋಯಿತು,
ಊಟ ಡಬ್ಬಿಯಲ್ಲೇ ಇತ್ತು.

ಸಂಜೆ ಬಿಸಿಲು ಓರೆಯಾಗಿ ಒಳಗೆ ಬಂದಾಗ ಕಂಡಿತು:
ಆ ಎರಡರ ನಡುವಿನ ಅಂತರ ಕಾಯಲಿಕ್ಕೆಂದೇ ಇಟ್ಟ ಪುಟ್ಟದೊಂದು,
ಹೀಟ್‌ಸಿಂಕಿಗೆ ಬೆನ್ನು ಕೊಟ್ಟು ನಿಂತದ್ದು,
ಎದೆಯ ಮೇಲೆ ಕೂದಲೆಳೆಯ ಬಿರುಕು.
ದೊಡ್ಡವನ್ನು ಕೂರಿಸುವ ಭರದಲ್ಲಿ ಯಾರೋ
ಅದರ ಸ್ಕ್ರೂ ಅರ್ಧ ಸುತ್ತು ಹೆಚ್ಚು ಬಿಗಿದಿದ್ದಾರೆ.
ಎಂಬತ್ತು ಸೆಂಟಿನ ಸಾಮಾನು.

ಹೊಸದನ್ನು ಹಾಕಿ, ದಾರಿಗಡ್ಡ ಹಳೆಯ ಹೆಡ್‌ಲೈಟ್ ಬಲ್ಬೊಂದನ್ನು ಕಾವಲಿಟ್ಟು
ಕರೆಂಟು ಕೊಟ್ಟೆ. ಬಲ್ಬು ಧಗ್ಗೆಂದಿತು,
(ನನ್ನ ಉಸಿರೂ)
ಆಮೇಲೆ ಕಂದಿತು. ಕಂದಿದರೆ ಕ್ಷೇಮ.
ತಿರುಪನ್ನು ಎಳ್ಳಷ್ಟು, ಮತ್ತೆ ಎಳ್ಳಷ್ಟು.
ಕಾವು ಏರಲಿ ಎಂದು ಚಹಾ ಕುಡಿದೆ. ಮತ್ತೆ ಅಳೆದೆ.
ಹೊಸ್ತಿಲು ಎಲ್ಲಿತ್ತೆಂದೇ ಈಗ ತಿಳಿಯದು.

ಶನಿವಾರ ಅಜ್ಜಿಯೂ ಬಂದಿದ್ದಳು, ಮುಂದಿನ ಸೀಟಿನಲ್ಲಿ,
ಮೊಣಕೈಗೆ ಹತ್ತಿ ಪಟ್ಟಿ, ಮಡಿಲಲ್ಲಿ ಬ್ರೆಡ್ಡಿನ ಪೊಟ್ಟಣ.
ಹುಡುಗ ಎರಡಕ್ಕಿಟ್ಟ. ಅಕಾರ್ಡಿಯನ್ನೋ ಏನೋ.
ಅವಳು ಬಲಗಡೆ ವಾಲಿ ಕೂತಳು, ಬಹಳ ಹೊತ್ತು,
ಬಾವಿಗೆ ಕಲ್ಲು ಹಾಕಿ ಕಾಯುವವರಂತೆ.
ಮಾಲ್ಟೀಸಿನಲ್ಲಿ ಏನೋ ಅಂದಳು. ಅವನು ನಕ್ಕ, ಬಿಡಿಸಿ ಹೇಳಲಿಲ್ಲ.
ಪರ್ಸಿನಿಂದ ತಾನೇ ಎಣಿಸಿ ಕೊಟ್ಟಳು, ಐದು ಡಾಲರ್ ಕಮ್ಮಿ.
ನಾನು ಕೇಳಲಿಲ್ಲ.

ಕಾರು ಹೊರಟಿತು.
ತಿರುವಿನಲ್ಲಿ ಇನ್ನು ಜೋರು ಮಾಡುತ್ತಾನೆ ಎಂದು
ಶೆಡ್ಡಿನ ತಗಡಿಗೆ ಅಂಗೈ ಒತ್ತಿ ನಿಂತೆ.
ತಗಡು ಸುಮ್ಮನಿತ್ತು.